‘ಹೂಂ, ಹೇಳು’ ಅಂದು ಸುಮ್ಮನಾಗುತ್ತಿದ್ದ ಟೀಚರ್

ಒಳ್ಳೆಯ ಟೀಚರ್ ಬಗ್ಗೆ ನಾಲ್ಕು ಮಾತು ಬರೆಯಿರಿ ಅಂದರೆ ಪೆನ್ನಿಗೆ ಮೊದಲು ಸಿಗುವುದು ದೀಪ. ಆಮೇಲೆ ಏಣಿ. ಅದೂ ಮುಗಿದರೆ ತಾನು ಕರಗಿ ಬೆಳಕು ಕೊಡುವ ಮೇಣದ ಬತ್ತಿ. ಮಾತುಗಳೇನೂ ಕೆಟ್ಟವಲ್ಲ. ಆದರೆ ಅವನ್ನು ಯಾವ ಟೀಚರ್ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು, ಅದೇ ತೊಂದರೆ. ನನಗೆ ಕಲಿಸಿದವರಲ್ಲಿ ಕೆಲವರು ಸೊಗಸಾಗಿ ಪಾಠ ಮಾಡುತ್ತಿದ್ದರು. ಕೆಲವರು ನಮಗಿಂತ ಮೊದಲೇ ಗಂಟೆ ಯಾವಾಗ ಹೊಡೆಯುತ್ತೋ ಅಂತ ಕಾಯುತ್ತಿದ್ದರು. ಎಲ್ಲರನ್ನೂ ದೀಪ ಅಂದುಬಿಟ್ಟರೆ ನಿಜವಾಗಿ ಕೆಲಸ ಮಾಡಿದವರು ಯಾರು ಅನ್ನೋದೇ ಕಾಣದೆ ಹೋಗುತ್ತದೆ. ಹಾಗಾಗಿ ನನ್ನ ಗಣಿತದ ಟೀಚರ್‌ಗೆ ನಾನು ಯಾವ ಬಿರುದೂ ಕೊಡುವುದಿಲ್ಲ. ಅವರು ತರಗತಿಯಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನು ಹೇಳುತ್ತೇನೆ.

ಮೊದಲಿಗೇ ಒಂದು ಮಾತು. ಅವರು ಪ್ರೀತಿ ತೋರಿಸಿಕೊಳ್ಳುವವರಲ್ಲ. ತಲೆ ಸವರುವುದು, ‘ಚಿನ್ನಾ, ಪುಟ್ಟಾ’ ಅನ್ನುವುದು ಯಾವುದೂ ಇರಲಿಲ್ಲ. ನಗು ಕಡಿಮೆ. ಹೋಮ್‌ವರ್ಕ್ ಮಾಡದೆ ಬಂದವರು ಯಾವ ನೆಪ ಹೇಳಿದರೂ ನಡೆಯುತ್ತಿರಲಿಲ್ಲ. ಹೊಸದಾಗಿ ತರಗತಿಗೆ ಬಂದವರು ಅವರನ್ನು ಕಂಡರೆ ಹೆದರುತ್ತಿದ್ದರು. ಅಕ್ಕರೆಯ ಟೀಚರ್ ಅಂದ ಕೂಡಲೇ ನಾವು ಮೆತ್ತಗಿನ ಮಾತಿನ, ಅಮ್ಮನಂಥ ಒಬ್ಬರನ್ನು ಕಲ್ಪಿಸಿಕೊಳ್ಳುತ್ತೇವೆ ಅಲ್ವಾ? ಅಂಥವರೂ ಇರುತ್ತಾರೆ, ಇರಲಿ. ಆದರೆ ಮೆತ್ತಗೆ ಮಾತಾಡುತ್ತಲೇ ವರ್ಷವಿಡೀ ಮಕ್ಕಳ ಹೆಸರು ಸರಿಯಾಗಿ ತಿಳಿದುಕೊಳ್ಳದವರನ್ನೂ ನಾನು ನೋಡಿದ್ದೇನೆ. ನಮ್ಮ ಟೀಚರ್ ಅಕ್ಕರೆ ಬೇರೆ ಥರದ್ದು. ಅವರು ನಮ್ಮನ್ನು ನೋಡುತ್ತಿದ್ದರು. ಯಾರು ಎಲ್ಲಿ ಎಡವುತ್ತಾರೆ, ಯಾರು ಅರ್ಥವಾದವರ ಹಾಗೆ ತಲೆ ಆಡಿಸುತ್ತಿದ್ದಾರೆ, ಯಾರು ಇವತ್ತು ಬರೆಯುತ್ತಿಲ್ಲ ಅನ್ನುವುದೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು.

ಒಂದು ದಿನ ಬೋರ್ಡ್ ಮೇಲೆ ಭಿನ್ನರಾಶಿ ಕೂಡುವ ಲೆಕ್ಕ. ಎರಡನೇ ಒಂದಕ್ಕೆ ಮೂರನೇ ಒಂದನ್ನು ಸೇರಿಸಬೇಕು. ಎದ್ದು ಹೋದ ಹುಡುಗ ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಅಂತ ಬರೆದ. ಭಿನ್ನರಾಶಿ ಕಲಿಯುವ ಮಕ್ಕಳು ಎಲ್ಲ ಕಡೆಯೂ ಮಾಡುವ ತಪ್ಪು ಇದು. ನಾವು ಕಿಸಕ್ಕನೆ ನಕ್ಕೆವು. ಬೇರೆಯವರಾಗಿದ್ದರೆ ‘ತಪ್ಪು, ಕೂತ್ಕೋ’ ಅಂದು, ಛೇದ ಸಮ ಮಾಡುವ ಕ್ರಮವನ್ನು ಇನ್ನೊಂದು ಸಲ ಒಪ್ಪಿಸಿ ಮುಂದಕ್ಕೆ ಹೋಗುತ್ತಿದ್ದರು. ಟೀಚರ್ ನಮ್ಮ ಕಡೆ ಒಮ್ಮೆ ನೋಡಿದರು. ನಗು ನಿಂತಿತು. ಆಮೇಲೆ ಅವನನ್ನು ಕೇಳಿದರು, “ಮೊದಲು ನಿನ್ನ ಹತ್ರ ಎಷ್ಟಿತ್ತು?”

“ಅರ್ಧ.”

“ಅದಕ್ಕೆ ಸೇರಿಸಿದೆಯೋ, ಅದರಿಂದ ತೆಗೆದೆಯೋ?”

“ಸೇರಿಸಿದೆ.”

“ಈಗ ಬಂದಿರೋದು ಅರ್ಧಕ್ಕಿಂತ ಜಾಸ್ತಿನೋ, ಕಡಿಮೆನೋ?”

ಅವನು ತಾನೇ ಬರೆದದ್ದನ್ನು ನೋಡುತ್ತಾ ನಿಂತ. ಟೀಚರ್ ಅವನ ಮುಖವನ್ನೇ ನೋಡುತ್ತಾ ನಿಲ್ಲಲಿಲ್ಲ. ಡಸ್ಟರ್ ತೆಗೆದುಕೊಂಡು ಬೋರ್ಡಿನ ಇನ್ನೊಂದು ಮೂಲೆಯನ್ನು ಒರೆಸತೊಡಗಿದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಐದರಲ್ಲಿ ಅರ್ಧ ಎರಡೂವರೆ, ತಾನು ಬರೆದಿರುವುದು ಎರಡು ಅಂತ ಅವನಿಗೆ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. “ಕಡಿಮೆ ಆಗಿದೆ ಟೀಚರ್. ಸೇರಿಸಿದ್ರೂ ಕಡಿಮೆ ಆಗಿದೆ. ಹಾಗಾಗಲ್ವಲ್ಲ!”

“ಹೂಂ. ಮತ್ತೆ?”

ಅವನೇ ಅಳಿಸಿದ. ಆರನೇ ಐದಕ್ಕೆ ಅವನು ಬಂದು ಮುಟ್ಟಲು ಇನ್ನೂ ಹೊತ್ತು ಬೇಕಾಯಿತು, ಆ ಭಾಗ ನನಗೆ ಅಷ್ಟು ನೆನಪಿಲ್ಲ. ನೆನಪಿರುವುದು ಇಷ್ಟು. ಅವನ ಉತ್ತರ ತಪ್ಪು ಅಂತ ಅವನಿಗೆ ಯಾರೂ ಹೇಳಲಿಲ್ಲ. ಅವನೇ ಕಂಡುಕೊಂಡ. ಬೆಂಚಿನ ಮೇಲೆ ಕೂತಿದ್ದ ನಾವೂ ಅದನ್ನೇ ಕಲಿತೆವು. ಇವತ್ತಿಗೂ ಯಾವ ಲೆಕ್ಕ ಮಾಡಿದರೂ ಕೊನೆಯ ಅಂಕಿ ಬಂದ ಮೇಲೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಇದು ಇಷ್ಟಿರೋಕೆ ಸಾಧ್ಯವಾ ಅಂತ ಕೇಳಿಕೊಳ್ಳುತ್ತೇನೆ. ಕ್ಯಾಲ್ಕುಲೇಟರ್ ಕೊಟ್ಟ ಉತ್ತರಕ್ಕೂ ಇದೇ ಮರ್ಯಾದೆ.

ಇನ್ನು ನನ್ನ ವಿಷಯ. ತರಗತಿಯಲ್ಲಿ ನಾನು ಮುಂದೂ ಅಲ್ಲ, ಹಿಂದೂ ಅಲ್ಲ, ನಡುವಿನವಳು. ಜಾಣ ಮಕ್ಕಳು ಕೈ ಎತ್ತಿ ಕಾಣಿಸಿಕೊಳ್ಳುತ್ತಾರೆ. ತುಂಟರು ಬೈಸಿಕೊಂಡು ಕಾಣಿಸಿಕೊಳ್ಳುತ್ತಾರೆ. ಫೇಲಾಗುವವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಮಾತಾದರೂ ಆಗುತ್ತದೆ. ನಡುವಿನವರು ಯಾರ ಲೆಕ್ಕಕ್ಕೂ ಇಲ್ಲ. ಅದು ಒಂದು ರೀತಿಯಲ್ಲಿ ಆರಾಮ. ಟೀಚರ್ ಬಂದ ವರ್ಷ ಆ ಆರಾಮ ಹೋಯಿತು.

“ನಿನಗೇನನ್ನಿಸುತ್ತೆ?” ಅಂತ ನನ್ನ ಕಡೆ ತಿರುಗಿ ಕೇಳಿದ್ದರು. ಉತ್ತರ ಎಷ್ಟು ಅಂತಲ್ಲ, ಏನನ್ನಿಸುತ್ತೆ ಅಂತ. ನಾನು ಎದ್ದು ನಿಂತೆ. ಮಾತು ಬರಲಿಲ್ಲ. ಮುಂದಿನ ಬೆಂಚಿನಿಂದ ಕೈಗಳು ಟಪಟಪ ಮೇಲೆದ್ದವು, ‘ಟೀಚರ್, ನಾನು ಹೇಳ್ತೀನಿ, ನಾನು ಹೇಳ್ತೀನಿ!’ ಅವರು ಆ ಕಡೆ ನೋಡದೆ ಅಂಗೈ ಕೆಳಗೆ ಮಾಡಿ ತೋರಿಸಿದರು. ಕೈಗಳು ಇಳಿದವು. “ಹೂಂ, ಹೇಳು” ಅಂದು ಸುಮ್ಮನಾದರು. ಆ ಮೌನ ನನಗೆ ಮೊದಲು ಶಿಕ್ಷೆಯ ಹಾಗೇ ಅನ್ನಿಸಿತು. ಆದರೆ ಸ್ವಲ್ಪ ಹೊತ್ತಾದ ಮೇಲೆ ಯಾರೂ ನನ್ನನ್ನು ಅವಸರಪಡಿಸುತ್ತಿಲ್ಲ ಅಂತ ಗೊತ್ತಾಯಿತು. ಆಗ ಲೆಕ್ಕ ಕಣ್ಣಿಗೆ ಕಾಣಿಸತೊಡಗಿತು. ನಾನು ಹೇಳಿದ್ದು ಅರ್ಧ ಸರಿ ಇತ್ತು. ಅವರು ಆ ಅರ್ಧವನ್ನು ಬೋರ್ಡ್ ಮೇಲೆ ಬರೆದು, “ಇಲ್ಲೀವರೆಗೆ ಇವಳು ಕರ್ಕೊಂಡು ಬಂದಿದ್ದಾಳೆ, ಮುಂದಕ್ಕೆ ಯಾರು ಹೋಗ್ತೀರಿ?” ಅಂದರು.

ಆ ಸುಮ್ಮನಿರುವ ಕೆಲಸವನ್ನು ಅಳೆದವರೂ ಇದ್ದಾರೆ ಅಂತ ನನಗೆ ತಿಳಿದದ್ದು ಬಹಳ ಆಮೇಲೆ. ಅಮೆರಿಕದ ಮೇರಿ ಬಡ್ ರೋ ಅನ್ನುವ ವಿಜ್ಞಾನ ಶಿಕ್ಷಣದ ಸಂಶೋಧಕಿ ತರಗತಿಗಳ ಟೇಪ್ ರೆಕಾರ್ಡಿಂಗ್ ಇಟ್ಟುಕೊಂಡು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಅಂತ ನೋಡಿದರು. ಸುಮಾರು 1 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ತಾವೇ ಹೇಳುತ್ತಾರೆ, ಇಲ್ಲವೇ ಇನ್ನೊಬ್ಬರನ್ನು ಕೇಳುತ್ತಾರೆ. ಕಾಯುವುದನ್ನು 3 ಸೆಕೆಂಡಿಗೆ ಏರಿಸಿದಾಗ ತರಗತಿಯೇ ಬದಲಾಯಿತು. ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು, ಮಕ್ಕಳೇ ತಿರುಗಿ ಪ್ರಶ್ನೆ ಕೇಳುವುದು ಜಾಸ್ತಿಯಾಯಿತು, ದಡ್ಡರು ಅನ್ನಿಸಿಕೊಂಡಿದ್ದವರು ಬಾಯಿ ಬಿಟ್ಟರು. 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದರಲ್ಲಿ ನನ್ನನ್ನು ಚುಚ್ಚಿದ್ದು ಇನ್ನೊಂದು ಸಂಗತಿ. ಶಿಕ್ಷಕರು ಜಾಣರು ಅಂದುಕೊಂಡ ಮಕ್ಕಳಿಗೆ ಹತ್ತಿರ ಹತ್ತಿರ 2 ಸೆಕೆಂಡ್ ಕಾಯುತ್ತಿದ್ದರು. ಕಲಿಕೆಯಲ್ಲಿ ಹಿಂದೆ ಅಂದುಕೊಂಡವರಿಗೆ 1 ಸೆಕೆಂಡ್ ಕೂಡ ಪೂರ್ತಿ ಸಿಗುತ್ತಿರಲಿಲ್ಲ. ಹೊತ್ತು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ! ಇದರಲ್ಲಿ ಯಾರೂ ಬೇಕಂತ ಅನ್ಯಾಯ ಮಾಡುತ್ತಿಲ್ಲ. ಪಾಠ ಮುಗಿಸುವ ಅವಸರ, ಇವನಿಗೆ ಹೇಗೂ ಬರಲ್ಲ ಅನ್ನುವ ಅಂದಾಜು, ಮಗುವಿಗೆ ಮುಜುಗರ ಆಗುತ್ತದೆ ಅನ್ನುವ ಕನಿಕರ, ಎಲ್ಲ ಸೇರಿ ಹೀಗಾಗುತ್ತದೆ. ಕನಿಕರದಿಂದಲೂ ಒಂದು ಮಗುವನ್ನು ಕೈಬಿಡಬಹುದು ಅನ್ನುವುದು ನನಗೆ ಹೊಸ ವಿಷಯ.

3 ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ನಾಲ್ಕು ಜನರ ಮುಂದೆ ಪ್ರಶ್ನೆ ಕೇಳಿ ಸುಮ್ಮನೆ ನಿಂತು ನೋಡಿ. ಕಷ್ಟ ಇದೆ.

ಇನ್ನೊಂದು ಹೇಳಬೇಕು. ಇದನ್ನು ನಾನು ಆಗ ಗಮನಿಸಿರಲಿಲ್ಲ, ದೊಡ್ಡವಳಾದ ಮೇಲೆ ನಮ್ಮ ತರಗತಿಯ ಒಬ್ಬ ಹುಡುಗ ತಾನೇ ಹೇಳಿದ. ಗಣಿತದಲ್ಲಿ ಮಾತಿನ ಲೆಕ್ಕಗಳಿರುತ್ತವಲ್ಲ, ಅವನ್ನು ಒಬ್ಬೊಬ್ಬರೇ ಎದ್ದು ಜೋರಾಗಿ ಓದಬೇಕಿತ್ತು. ಸಾಲು ತನ್ನ ಬೆಂಚಿನ ಹತ್ತಿರ ಬರುತ್ತಿದ್ದ ಹಾಗೆ ಅವನಿಗೆ ಭಾರಿ ಹುರುಪು. ‘ಟೀಚರ್, ಸೀಮೆಸುಣ್ಣ ತರ್ಲಾ?’ ‘ಟೀಚರ್, ಅಟೆಂಡೆನ್ಸ್ ರಿಜಿಸ್ಟರ್ ಆಫೀಸಿಗೆ ಕೊಟ್ಟು ಬರ್ಲಾ?’ ಬೇರೆ ಟೀಚರ್‌ಗಳೆಲ್ಲ ಅವನನ್ನು ಚೂಟಿ ಹುಡುಗ, ಕೆಲಸಕ್ಕೆ ಮುಂದು ಅಂತ ಮೆಚ್ಚುತ್ತಿದ್ದರು. ಗಣಿತದ ಟೀಚರ್ ಮಾತ್ರ ಅವನು ಯಾವಾಗ ಏಳುತ್ತಾನೆ ಅನ್ನುವುದನ್ನು ನೋಡಿದರು. ಅವನಿಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ವಾಕ್ಯದ ಮೊದಲ ಭಾಗ ಮರೆತು ಹೋಗುತ್ತಿತ್ತು. ಲೆಕ್ಕ ಬಾಯಲ್ಲಿ ಹೇಳಿದರೆ ಪಟ್ಟನೆ ಮಾಡುತ್ತಿದ್ದ.

ಅವರು ಅವನನ್ನು ಹಿಡಿದು ನಿಲ್ಲಿಸಿ ಓದಿಸಲಿಲ್ಲ. ‘ನಿನಗೆ ಓದೋಕೆ ಬರಲ್ವಾ?’ ಅಂತಲೂ ಕೇಳಲಿಲ್ಲ. ನೋಟ್‌ಬುಕ್ಕುಗಳನ್ನು ಸ್ಟಾಫ್ ರೂಮಿಗೆ ತರುವ ಕೆಲಸವನ್ನು ಅವನಿಗೇ ಕೊಟ್ಟರು. ಅಲ್ಲಿ, ಯಾರೂ ಇಲ್ಲದಾಗ, ನಾಳೆ ತರಗತಿಯಲ್ಲಿ ಬರುವ ಲೆಕ್ಕವನ್ನು ಒಂದು ಸಲ ತಾವು ಓದಿ, ಒಂದು ಸಲ ಅವನ ಜೊತೆ ಓದಿ, ಒಂದು ಸಲ ಅವನಿಂದ ಓದಿಸುತ್ತಿದ್ದರಂತೆ. ಮರುದಿನ ಅದೇ ಲೆಕ್ಕ ಅವನ ಸರದಿಗೆ ಬರುವ ಹಾಗೆ ನೋಡಿಕೊಳ್ಳುತ್ತಿದ್ದರಂತೆ. ಅವನು ಎದ್ದು ಓದಿದಾಗ ನಮಗೆಲ್ಲ ಏನೂ ವಿಶೇಷ ಅನ್ನಿಸಲಿಲ್ಲ. ಅನ್ನಿಸಬಾರದು ಅಂತಲೇ ಅವರು ಅಷ್ಟು ಕಷ್ಟಪಟ್ಟದ್ದು. ಉಪಕಾರ ಮಾಡಿದ್ದು ಸುತ್ತಲಿನವರಿಗೆ ಗೊತ್ತಾದರೆ ಮಗುವಿಗೆ ಅದೂ ಒಂದು ಹೊರೆ.

ಫ್ರೆಂಚ್ ಸಾಹಿತಿ ಆಲ್ಬೆರ್ ಕಮೂ ಅವರ ಗುರು ಲೂಯಿ ಜೆರ್ಮೇನ್ ಹೇಳಿದ್ದೂ ಇಂಥದ್ದೇ ಕೆಲಸದ ಬಗ್ಗೆ. ಕಮೂ ಅಪ್ಪ ಮೊದಲ ಮಹಾಯುದ್ಧದಲ್ಲಿ 1914ರಲ್ಲೇ ತೀರಿಕೊಂಡಿದ್ದರು. ಅಮ್ಮನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಓದು ಬರಹ ಇಲ್ಲ, ಬೇರೆಯವರ ಮನೆ ಕೆಲಸ ಮಾಡಿ ಸಾಕುತ್ತಿದ್ದರು. ಅಲ್ಜೀರಿಯಾದ ಅಲ್ಜೀರ್ಸ್ ಊರಿನ ಆ ಬಡ ಮನೆಯಲ್ಲಿ ಅಜ್ಜಿಯದೇ ಆಡಳಿತ. ಹುಡುಗ ಬೇಗ ದುಡಿದು ನಾಲ್ಕು ಕಾಸು ತರಲಿ ಅನ್ನುವುದು ಅಜ್ಜಿಯ ಲೆಕ್ಕಾಚಾರ. ಅದು ತಪ್ಪು ಅನ್ನುವ ಹಾಗೂ ಇಲ್ಲ. ಪ್ರಾಥಮಿಕ ಶಾಲೆಯ ಮೇಷ್ಟ್ರು ಜೆರ್ಮೇನ್ ಹುಡುಗನಿಗೆ ಪುಕ್ಕಟೆಯಾಗಿ ಹೆಚ್ಚಿನ ಪಾಠ ಹೇಳಿದರು, ಮನೆಗೆ ಹೋಗಿ ಅಜ್ಜಿಯನ್ನು ಒಪ್ಪಿಸಿದರು. 1924ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಕಮೂ ಹೈಸ್ಕೂಲು ಸೇರಿದರು. 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗದ್ದಲ ಒಂದಿಷ್ಟು ತಣ್ಣಗಾದ ಮೇಲೆ, ನವೆಂಬರ್ 19ರಂದು ಕಮೂ ತಮ್ಮ ಮೇಷ್ಟ್ರಿಗೆ ಒಂದು ಪುಟ್ಟ ಕಾಗದ ಬರೆದರು. ಸುದ್ದಿ ತಿಳಿದಾಗ ಅಮ್ಮನ ನಂತರ ಮೊದಲು ನೆನಪಾದವರು ನೀವು, ಬಡ ಹುಡುಗನಿಗೆ ನೀವು ಚಾಚಿದ ಆ ಕೈ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅನ್ನುವುದು ಅದರ ಸಾರ.

ಈ ಕಾಗದ ಬಹಳ ಜನರಿಗೆ ಗೊತ್ತು. ಮೊಬೈಲಿನಲ್ಲಿ ಫಾರ್ವರ್ಡ್ ಆಗಿ ಆಗಿ ಸವೆದು ಹೋಗಿದೆ. ನನಗೆ ಹೆಚ್ಚು ಹಿಡಿಸುವುದು ಜೆರ್ಮೇನ್ 1959ರ ಏಪ್ರಿಲ್‌ನಲ್ಲಿ ಬರೆದ ಇನ್ನೊಂದು ಕಾಗದ. ಕೆಲಸವನ್ನು ಮನಸ್ಸಿಟ್ಟು ಮಾಡುವ ಮೇಷ್ಟ್ರು ತನ್ನ ಮಕ್ಕಳನ್ನು ತಿಳಿದುಕೊಳ್ಳುವ ಯಾವ ಅವಕಾಶವನ್ನೂ ಬಿಡುವುದಿಲ್ಲ, ಅಂಥ ಅವಕಾಶಗಳು ಸದಾ ಸಿಗುತ್ತಲೇ ಇರುತ್ತವೆ, ಒಂದು ಉತ್ತರ, ಒಂದು ಹಾವಭಾವ, ನಿಂತ ರೀತಿ ಇಷ್ಟರಲ್ಲೇ ಬೇಕಾದಷ್ಟು ಗೊತ್ತಾಗುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ನೊಬೆಲ್ ಪಡೆದ ಶಿಷ್ಯನಿಗೆ ಬರೆಯುತ್ತಾ ಆ ಮುದುಕ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳಲಿಲ್ಲ. ಹುಡುಗ ತರಗತಿಯಲ್ಲಿ ಹೇಗಿದ್ದ ಅನ್ನುವುದು ಅವರಿಗೆ ಆಗಲೂ ಕಣ್ಣಿಗೆ ಕಟ್ಟಿದಂತಿತ್ತು. ಮರುವರ್ಷ ಜನವರಿಯಲ್ಲಿ ಕಮೂ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಕಾಗದಗಳು ಆ ಹೊತ್ತಿಗೆ ಬರೆದಾಗಿದ್ದವಲ್ಲ ಅನ್ನುವುದೇ ಒಂದು ಸಮಾಧಾನ.

ನೋಡುವುದರ ಜೊತೆಗೇ ತಿದ್ದುವುದೂ ಇದೆ. ನಮ್ಮ ಟೀಚರ್ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಎಳೆಯುತ್ತಿರಲಿಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿದೆಯೋ ಆ ಸಾಲಿನ ಪಕ್ಕ ಒಂದು ಸಣ್ಣ ಬಾಣ, ಅದರ ಮುಂದೆ ಒಂದು ಪ್ರಶ್ನೆ. ‘ಈ ಸಾಲಿಂದ ಈ ಸಾಲಿಗೆ ಹೇಗೆ ಬಂದೆ?’ ಉತ್ತರವನ್ನು ಅಲ್ಲೇ ಕೆಳಗೆ ಬರೆದು ಮತ್ತೆ ತೋರಿಸಬೇಕು. ನಾವು ಗೊಣಗುತ್ತಿದ್ದೆವು. ಈಗ ಯೋಚಿಸಿದರೆ ದಂಗಾಗುತ್ತೇನೆ. ತಪ್ಪು ಅಂತ ಗೀಟು ಹಾಕಲು ಕೊನೆಯ ಉತ್ತರ ನೋಡಿದರೆ ಸಾಕು. ತಪ್ಪು ಎಲ್ಲಿ ಶುರುವಾಯಿತು ಅಂತ ಹುಡುಕಲು ಪ್ರತಿ ಸಾಲನ್ನೂ ಓದಬೇಕು. ಅದೂ ಎಷ್ಟೊಂದು ಮಕ್ಕಳ ನೋಟ್‌ಬುಕ್ಕು!

ಇದರ ಬಗ್ಗೆಯೂ ಒಂದು ಸ್ವಾರಸ್ಯದ ಪ್ರಯೋಗ ಇದೆ. ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತು ಅವರ ಜೊತೆಗಾರರು ಅಮೆರಿಕದ ಏಳನೇ ತರಗತಿಯಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ್ದು. ಮಕ್ಕಳು ಒಂದು ಪ್ರಬಂಧ ಬರೆದರು, ಶಿಕ್ಷಕರು ಎಂದಿನಂತೆ ತಿದ್ದಿದರು. ಹಿಂದಿರುಗಿಸುವಾಗ ಅದರ ಮೇಲೆ ಕೈಬರಹದ ಒಂದು ಚೀಟಿ. ಕೆಲವರ ಚೀಟಿಯಲ್ಲಿ, ನಿನ್ನ ಬರಹಕ್ಕೆ ನಾಲ್ಕು ಸಲಹೆ ಇರಲಿ ಅಂತ ಇದನ್ನು ಬರೆದಿದ್ದೇನೆ ಅನ್ನುವಂಥ ಮಾತು. ಇನ್ನು ಕೆಲವರದರಲ್ಲಿ, ನಿನ್ನಿಂದ ನಾನು ತುಂಬ ನಿರೀಕ್ಷೆ ಮಾಡುತ್ತೇನೆ, ಅಲ್ಲಿಗೆ ನೀನು ಮುಟ್ಟುತ್ತೀಯ ಅಂತಲೂ ಗೊತ್ತು, ಅದಕ್ಕೇ ತಿದ್ದಿದ್ದೇನೆ ಅನ್ನುವ ಮಾತು. ಅಷ್ಟೇ ವ್ಯತ್ಯಾಸ. ಪ್ರಬಂಧವನ್ನು ತಿದ್ದಿ ಮತ್ತೆ ಬರೆದುಕೊಡುವುದು ಮಕ್ಕಳ ಇಷ್ಟಕ್ಕೆ ಬಿಟ್ಟದ್ದು. ಕಪ್ಪು ಜನಾಂಗದ ಮಕ್ಕಳಲ್ಲಿ ಮೊದಲ ಚೀಟಿ ಸಿಕ್ಕವರ ಪೈಕಿ ಮತ್ತೆ ಬರೆದವರು ಶೇಕಡಾ 17. ಎರಡನೆಯದು ಸಿಕ್ಕವರ ಪೈಕಿ ಶೇಕಡಾ 70 ದಾಟಿತು. ಸಣ್ಣ ಪ್ರಯೋಗ, 44 ಮಕ್ಕಳದು, ಇದನ್ನೇ ಹಿಡಿದು ಲೋಕಕ್ಕೆಲ್ಲ ಅನ್ವಯಿಸಬಾರದು. ಆದರೆ ಟೀಚರ್‌ಗೆ ತನ್ನ ಮೇಲೆ ನಂಬಿಕೆ ಇದೆಯಾ ಅನ್ನುವ ಅನುಮಾನ ಯಾವ ಮಕ್ಕಳಲ್ಲಿ ಜಾಸ್ತಿಯೋ, ಅವರಿಗೇ ಆ ಒಂದು ವಾಕ್ಯ ಜಾಸ್ತಿ ನಾಟಿತು ಅನ್ನುವುದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ನಮ್ಮ ಟೀಚರ್ ಅಂಥ ವಾಕ್ಯ ಬರೆದವರಲ್ಲ. ಅವರ ಬಾಣದ ಗುರುತೇ ಅದನ್ನು ಹೇಳುತ್ತಿತ್ತು. ಬರುವುದಿಲ್ಲ ಅಂತ ಬಿಟ್ಟವರಿಗೆ ಯಾರು ಪ್ರಶ್ನೆ ಬರೆಯುತ್ತಾರೆ?

ನಮ್ಮ ಕಥೆಗಳಿಗೆ ಒಂದು ಚಟ ಇದೆ. ಎಲ್ಲವೂ ಒಂದೇ ದಿನದಲ್ಲಿ ಬದಲಾಗಬೇಕು. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲ್ಲರ್ ವಿಷಯ ಬಂದರೆ ಸಾಕು, ನೀರಿನ ಪಂಪಿನ ಕೆಳಗೆ ಕೈ ಹಿಡಿದಾಗ ಅಂಗೈಗೆ ಬರೆದ ಪದ ನೀರಿನ ಹೆಸರು ಅಂತ ಅವಳಿಗೆ ಹೊಳೆದ ಆ ದಿನಕ್ಕೆ ನೇರ ಓಡುತ್ತೇವೆ. 1887ರ ಏಪ್ರಿಲ್ 5. ಅವಳ ಟೀಚರ್ ಆ್ಯನ್ ಸಲಿವನ್ ಆ ಮನೆಗೆ ಬಂದದ್ದು ಮಾರ್ಚ್ 3ಕ್ಕೆ. ಆಗ ಆಕೆಗೆ ಇನ್ನೂ 20 ವರ್ಷ. ಅನಾಥಾಲಯದಂಥ ಕಡೆ ಬೆಳೆದವರು, ತಮ್ಮ ಕಣ್ಣೂ ಸರಿಯಿಲ್ಲ. ನಡುವಿನ ಆ ಒಂದು ತಿಂಗಳ ಮೊದಲ ದಿನಗಳೆಲ್ಲ ಜಗಳ. ಊಟಕ್ಕೆ ಚಮಚ ಹಿಡಿಸುವುದೇ ಒಂದು ಯುದ್ಧ. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಮೂಡಿಸಿದ್ದೇ ಮೂಡಿಸಿದ್ದು, ಮಗುವಿಗೆ ಅದು ಆಟ ಅನ್ನಿಸಿತೇ ಹೊರತು ಅರ್ಥವಾಗಲಿಲ್ಲ. ಪಂಪಿನ ದಿನದ ಮುಂದಿನ ಕಥೆಯನ್ನಂತೂ ಯಾರೂ ಹೇಳುವುದೇ ಇಲ್ಲ. ಹೆಲೆನ್ 1904ರಲ್ಲಿ ಪದವಿ ಪಡೆಯುವವರೆಗೂ ಸಲಿವನ್ ಪಕ್ಕದಲ್ಲಿ ಕೂತು ಕಾಲೇಜಿನ ಪಾಠಗಳನ್ನು ಆ ಅಂಗೈಗೆ ಬರೆಯುತ್ತಲೇ ಇದ್ದರು. ಸಾಯುವವರೆಗೂ, ಅಂದರೆ 1936ರವರೆಗೂ, ಜೊತೆಗಿದ್ದರು. ಫೋಟೋ ತೆಗೆಯುವಂಥ ದಿನ ಒಂದು. ಯಾರ ಕಣ್ಣಿಗೂ ಬೀಳದ ದಿನಗಳು ಸಾವಿರಾರು.

ಮಾರ್ಕ್ಸ್ ಶೀಟಿನಲ್ಲೂ ಆ ದಿನಗಳು ಕಾಣುವುದಿಲ್ಲ. ಕಿರಾಬೊ ಜ್ಯಾಕ್ಸನ್ ಅನ್ನುವ ಅರ್ಥಶಾಸ್ತ್ರಜ್ಞ ಅಮೆರಿಕದ ನಾರ್ತ್ ಕೆರೊಲೈನಾದ ಒಂಬತ್ತನೇ ತರಗತಿಯ ಮಕ್ಕಳ ದಾಖಲೆಗಳನ್ನು ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕ್ಷಕರು ಮಕ್ಕಳ ಅಂಕಗಳನ್ನು ಎಷ್ಟು ಏರಿಸುತ್ತಾರೆ ಅನ್ನುವುದು ಒಂದು ಅಳತೆ. ಮಕ್ಕಳು ಶಾಲೆ ತಪ್ಪಿಸುವುದು, ಸಸ್ಪೆಂಡ್ ಆಗುವುದು, ಮುಂದಿನ ತರಗತಿಗೆ ಸಮಯಕ್ಕೆ ಸರಿಯಾಗಿ ಹೋಗುವುದು ಇಂಥವುಗಳಲ್ಲಿ ಏನು ಬದಲಾವಣೆ ತರುತ್ತಾರೆ ಅನ್ನುವುದು ಇನ್ನೊಂದು. ಒಂದರಲ್ಲಿ ಮುಂದಿರುವ ಶಿಕ್ಷಕರು ಇನ್ನೊಂದರಲ್ಲೂ ಮುಂದಿರುತ್ತಾರೆ ಅಂತೇನಿಲ್ಲ. ಮಗು ಹೈಸ್ಕೂಲು ಮುಗಿಸುತ್ತದೋ ಇಲ್ಲವೋ ಅನ್ನುವುದನ್ನು ಊಹಿಸಲು ಅಂಕಗಳಿಗಿಂತ ಎರಡನೆಯದೇ ಹೆಚ್ಚು ಕೆಲಸಕ್ಕೆ ಬಂತು. ಅಂದರೆ ರಿಸಲ್ಟ್ ಬಂದಾಗ ಶಹಬ್ಬಾಸ್ ಗಿಟ್ಟಿಸಿದವರೊಬ್ಬರು, ಆ ಮಗುವನ್ನು ಶಾಲೆಯಲ್ಲಿ ಉಳಿಸಿದವರು ಇನ್ನೊಬ್ಬರು ಆಗಿರಬಹುದು. ನಮ್ಮ ಆ ಓದು ಬರದ ಹುಡುಗ ಗಣಿತದಲ್ಲಿ ಏನೂ ದೊಡ್ಡ ಅಂಕ ತೆಗೆಯಲಿಲ್ಲ. ಶಾಲೆ ಬಿಡಲಿಲ್ಲ, ಅಷ್ಟೇ. ಆ ‘ಅಷ್ಟೇ’ಗೆ ಯಾವ ಶಾಲೆಯಲ್ಲಿ ಶೀಲ್ಡ್ ಕೊಡುತ್ತಾರೆ ಹೇಳಿ.

ಇಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ. ಇಂಥ ಟೀಚರ್‌ಗಳನ್ನು ಹೊಗಳಿ ಹೊಗಳಿ, ಅವರು ಮಾಡುವುದನ್ನು ನಾವು ತ್ಯಾಗದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ತ್ಯಾಗ ಅಂದ ಮೇಲೆ ಅದಕ್ಕೆ ಹೊತ್ತು ಕೊಡಬೇಕಿಲ್ಲ, ಸಂಬಳ ಕೊಡಬೇಕಿಲ್ಲ. ಪ್ರತಿ ಸಾಲು ಓದಿ ತಿದ್ದಲು ಗಂಟೆಗಟ್ಟಲೆ ಬೇಕು. ಯಾವ ಮಗು ಯಾವಾಗ ಏಳುತ್ತದೆ ಅಂತ ಗಮನಿಸಲು ತರಗತಿಯಲ್ಲಿ ಒಂದು ಮಿತಿಯ ಮಕ್ಕಳಿರಬೇಕು. ಕಿಕ್ಕಿರಿದ ಕೋಣೆಯಲ್ಲಿ ಎಂಥ ಅಕ್ಕರೆಯವರೂ ಹಾಜರಿ ಕೂಗಿ ಪಾಠ ಮುಗಿಸುವಷ್ಟರಲ್ಲಿ ಸುಸ್ತಾಗುತ್ತಾರೆ. 2030ರೊಳಗೆ ಪ್ರತಿ ಮಗುವಿಗೂ ಶಾಲೆ ಕೊಡಬೇಕಾದರೆ ಲೋಕಕ್ಕೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಅನ್ನುತ್ತದೆ ಯುನೆಸ್ಕೊ. ಇರುವವರೂ ಕೆಲಸ ಬಿಟ್ಟು ಹೋಗುತ್ತಿದ್ದಾರೆ. ಅಕ್ಟೋಬರ್ 5ನ್ನು ವಿಶ್ವ ಶಿಕ್ಷಕರ ದಿನ ಅಂತ 1994ರಿಂದ ಆಚರಿಸುತ್ತಾರೆ. ಅದರ ಬೇರು ಇರುವುದು 1966ರ ಒಂದು ಶಿಫಾರಸಿನಲ್ಲಿ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಶಿಕ್ಷಕರ ಹಕ್ಕು, ಹೊಣೆ, ತರಬೇತಿ, ಕೆಲಸದ ಸ್ಥಿತಿಗತಿಯ ಬಗ್ಗೆ ಮಾಡಿದ ಶಿಫಾರಸು ಅದು. ಹೂಗುಚ್ಛದ ಮಾತಲ್ಲ, ಕೆಲಸದ ಮಾತು. ನಾವು ಹೂಗುಚ್ಛ ಉಳಿಸಿಕೊಂಡು ಉಳಿದದ್ದನ್ನು ಮರೆತಿದ್ದೇವೆ.

ಹಾಗಂತ ಮೆಚ್ಚುಗೆ ಹೇಳಬಾರದು ಅಂತ ಅಲ್ಲ. ಹೇಳಬೇಕು, ಅವರು ಕೇಳಿಸಿಕೊಳ್ಳುವ ಕಾಲದಲ್ಲೇ ಹೇಳಬೇಕು. ಕುವೆಂಪು ತಮ್ಮ ಮಹಾಕಾವ್ಯವನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಅದು ಅಚ್ಚಾಗಿ ಬರುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ವರ್ಷಗಳಾಗಿದ್ದವು. ಅಷ್ಟು ದೊಡ್ಡ ಕಾಣಿಕೆ ಕೊಡುವ ಶಕ್ತಿ ನಮಗಿಲ್ಲ, ಆದರೆ ಫೋನ್ ಮಾಡಬಹುದು. ಮಾಡಿದಾಗ ‘ನೀವು ನನ್ನ ಬದುಕನ್ನೇ ಬದಲಾಯಿಸಿದಿರಿ ಟೀಚರ್’ ಅಂದರೆ ಅವರಿಗೆ ಮುಜುಗರ ಆಗುತ್ತದೆ, ಅಷ್ಟೇ. ಇಂಥ ದಿನ ನೀವು ಹೀಗೆ ಮಾಡಿದ್ದಿರಿ, ಅದರಿಂದ ನನಗೆ ಇದು ಬಂತು ಅಂದರೆ ಮಾತು ಮುಂದುವರಿಯುತ್ತದೆ.

ಟೀಚರ್ ನಂಬರ್ ಈಚೆಗೆ ಹಳೆಯ ಗೆಳತಿಯೊಬ್ಬಳಿಂದ ಸಿಕ್ಕಿತು. ಹೆಸರು ಹೇಳಿದೆ. ಆ ಕಡೆ ಸದ್ದಿಲ್ಲ. ಗುರುತು ಸಿಗಲಿಲ್ಲ ಅಂದುಕೊಂಡೆ. ಆಮೇಲೆ, “ಏಳನ್ನ ನಡುವೆ ಒಂದು ಗೀಟು ಹಾಕಿ ಬರೀತಿದ್ದೆ, ನೀನೇ ತಾನೇ?” ಅಂದರು. ನಾನೇ. ಈಗಲೂ ಹಾಗೇ ಬರೆಯುತ್ತೇನೆ. ಆದರೆ ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಆ ‘ನಿನಗೇನನ್ನಿಸುತ್ತೆ’ಯ ದಿನ ಅವರಿಗೆ ಚೂರೂ ನೆನಪಿರಲಿಲ್ಲ. ಯಾಕಿರಬೇಕು? ನನಗೆ ಅದು ಒಂದು ದಿನ. ಅವರಿಗೆ ದಿನಾ ಅದೇ ಕೆಲಸ.

ಸೆಕೆಂಡ್ ಎಣಿಸಿದ ಸಂಶೋಧಕಿಯ ಕಥೆ ಹೇಳಿದೆ. ಜೋರಾಗಿ ನಕ್ಕರು. “ಕಾಯೋದಾ? ಅಯ್ಯೋ, ಮುಂದೆ ಯಾವ ಲೆಕ್ಕ ಕೊಡ್ಲಿ ಅಂತ ನಾನೂ ಯೋಚಿಸ್ತಾ ನಿಂತಿರ್ತಿದ್ದೆ ಕಣೇ!” ಅಂದರು. ಅಷ್ಟೊಂದು ನಕ್ಕಿದ್ದನ್ನು ನಾನು ಶಾಲೆಯಲ್ಲಿ ಕೇಳಿರಲಿಲ್ಲ. ಓದಿನ ಹುಡುಗನ ಬಗ್ಗೆ ಕೇಳಿದರು, ಅವನ ಮಗಳಿಗೆ ಓದು ಹೇಗೆ ಬರುತ್ತೆ ಅಂತಲೂ ಕೇಳಿದರು. ಅಂಥ ತೊಂದರೆ ಕೆಲವು ಮನೆಗಳಲ್ಲಿ ಮುಂದುವರಿಯುತ್ತದೆ, ಗಮನ ಇಡಲು ಹೇಳು ಅಂದರು. ತಮ್ಮ ಕೈಗೆ ಸಿಗದೆ ಹೋದ ಇಬ್ಬರು ಮೂವರು ಮಕ್ಕಳ ವಿಷಯ ತಾವಾಗಿ ಎತ್ತಿದರು. ಅವರ ಹೆಸರುಗಳು ನಮಗೆ ಮರೆತು ಹೋಗಿದ್ದವು, ಅವರಿಗೆ ಇನಿಷಿಯಲ್ ಸಮೇತ ನೆನಪಿತ್ತು.

ನಾನು ಈಗ ಏನು ಮಾಡುತ್ತಿದ್ದೇನೆ ಅಂತ ಕೇಳಿದರು. ಆಫೀಸಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವುದೂ ನನ್ನ ಪಾಲಿಗೆ ಬಂದಿದೆ ಅಂದೆ.

“ಅವರಲ್ಲಿ ಬಾಯೇ ಬಿಡದವರು ಯಾರಾದ್ರೂ ಇದ್ದಾರಾ?”

ಒಬ್ಬಳಿದ್ದಾಳೆ ಅಂದೆ. ಮೀಟಿಂಗಿನಲ್ಲಿ ಎಲ್ಲಿ ಕೂರುತ್ತಾಳೆ, ಬರೆದುಕೊಳ್ಳುತ್ತಾಳಾ, ಬರೆದದ್ದನ್ನು ನೀನು ಯಾವಾಗಲಾದರೂ ನೋಡಿದ್ದೀಯಾ, ಒಬ್ಬಳೇ ಇರುವಾಗ ಮಾತಾಡುತ್ತಾಳಾ ಅಂತ ಒಂದರ ಹಿಂದೆ ಒಂದು ಪ್ರಶ್ನೆ. ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ನೋಡಿ ಹೇಳು” ಅಂದು ಫೋನಿಟ್ಟರು.

ಮರುವಾರ ಅವರೇ ಫೋನ್ ಮಾಡಿದರು. ಹೇಗಿದ್ದೀಯಾ ಅಂತ ಕೂಡ ಕೇಳಲಿಲ್ಲ.

“ಆ ಹುಡುಗಿ ಏನಂದ್ಲು?”